ತಾಮ್ರದ ಕ್ಯಾಟಲಿಸ್ಟ್ ಐದು ಸಲ ಬಳಸಿದೆ, ಯೀಲ್ಡ್ ಇಳಿಯಲಿಲ್ಲ. ಇಷ್ಟು ಸಾಕಾ?

ಬೀಕರ್ ಹುಡುಗಿ · ಹಾಸನ

ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಕೊನೆಯ ವರ್ಷದಲ್ಲಿದ್ದೇನೆ. ಪ್ರಾಜೆಕ್ಟ್‌ಗೆ ಮ್ಯಾಗ್ನೆಟೈಟ್ (ಅಯಸ್ಕಾಂತ ಹಿಡಿಯುವ ಕಬ್ಬಿಣದ ಆಕ್ಸೈಡ್) ಮೇಲೆ ತಾಮ್ರ ಕೂರಿಸಿ ಕ್ಯಾಟಲಿಸ್ಟ್ (ತಾನು ಖರ್ಚಾಗದೆ ರಿಯಾಕ್ಷನ್ ವೇಗ ಹೆಚ್ಚಿಸುವ ವಸ್ತು) ಮಾಡಿಕೊಂಡಿದ್ದೇನೆ. ಫೆರಿಕ್ ಕ್ಲೋರೈಡ್, ಫೆರಸ್ ಕ್ಲೋರೈಡ್ ಎರಡಕ್ಕೊಂದು ಮೋಲ್ ಲೆಕ್ಕದಲ್ಲಿ ನೀರಿಗೆ ಹಾಕಿ, ಬಿಸಿ ಇರುವಾಗಲೇ ಅಮೋನಿಯಾ ಹನಿಸಿದೆ. ಕಪ್ಪು ಪುಡಿ ಇಳಿಯಿತು. ಅದನ್ನು ತೊಳೆದು, ಕಾಪರ್ ಸಲ್ಫೇಟ್‌ನಲ್ಲಿ ನೆನೆಸಿ, ತಾಮ್ರ ಲೋಹವಾಗಿ ಕೂರಲಿ ಅಂತ ಬೋರೋಹೈಡ್ರೈಡ್ ಹಾಕಿದೆ. ಹಾಕಿದ ಲೆಕ್ಕದ ಪ್ರಕಾರ ತೂಕದಲ್ಲಿ ಶೇ. 5ರಷ್ಟು ತಾಮ್ರ ಇರಬೇಕು.

ರಿಯಾಕ್ಷನ್ ಎ-ತ್ರೀ ಕಪ್ಲಿಂಗ್, ಅಂದರೆ ಆಲ್ಡಿಹೈಡ್, ಅಮೈನ್, ಆಲ್ಕೈನ್ ಮೂರನ್ನು ಜೋಡಿಸುವುದು. ಬೆಂಜಾಲ್ಡಿಹೈಡ್, ಮಾರ್ಫೋಲಿನ್, ಫಿನೈಲ್ ಅಸಿಟಿಲೀನ್ ಮೂರನ್ನೂ ಒಂದೇ ಫ್ಲಾಸ್ಕಿಗೆ ಹಾಕಿ ಟೊಲ್ಯೂಯಿನ್‌ನಲ್ಲಿ 110 ಡಿಗ್ರಿಗೆ ರಾತ್ರಿಯಿಡೀ ಬಿಡುತ್ತೇನೆ. ಪ್ರೊಪಾರ್ಜಿಲ್ ಅಮೈನ್ ಬರುತ್ತದೆ, ಜೊತೆಗೆ ಬರೀ ನೀರು. 1 ಮಿಲಿಮೋಲ್‌ಗೆ 50 ಮಿಲಿಗ್ರಾಂ ಕ್ಯಾಟಲಿಸ್ಟ್. ಹೊರಗಿನಿಂದ ಅಯಸ್ಕಾಂತ ಹಿಡಿದರೆ ಪುಡಿ ಎಲ್ಲಾ ಗೋಡೆಗೆ ಅಂಟಿಕೊಳ್ಳುತ್ತದೆ, ದ್ರಾವಣ ಬಗ್ಗಿಸಿಕೊಂಡರೆ ಆಯಿತು. ಯೀಲ್ಡ್ (ಸಿಗಬೇಕಾದ ಪ್ರಾಡಕ್ಟ್‌ನಲ್ಲಿ ನಿಜಕ್ಕೂ ಸಿಕ್ಕ ಪಾಲು) ಮೊದಲ ಸಲ ಶೇ. 95, ಐದನೇ ಸಲ 91.

ಇದೇ ರಿಯಾಕ್ಷನ್‌ಗೆ ಚಿನ್ನ, ಬೆಳ್ಳಿ ಬಳಸಿದವರೂ ಇದ್ದಾರೆ. ಹಾಗಾಗಿ ‘ಅಗ್ಗದ, ಮತ್ತೆ ಮತ್ತೆ ಬಳಸಬಹುದಾದ, ಪರಿಸರಸ್ನೇಹಿ ಕ್ಯಾಟಲಿಸ್ಟ್’ ಅಂತ ರಿಪೋರ್ಟ್‌ನಲ್ಲಿ ಬರೆಯಬಹುದಾ? ವೈವಾದಲ್ಲಿ ಏನು ಕೇಳಬಹುದು?

ಹೊಯ್ಸಳ 99 · ಹಳೇಬೀಡು

ಬರೆಯಿರಿ, ಪಾಸ್ ಆಗಿ, ಊಟ ಹಾಕಿಸಿ.

ಲ್ಯಾಬ್ ಕೋಟು · ಚಿಕ್ಕಮಗಳೂರು

ವೈವಾಗೆ ನಾನು ಬಂದರೆ ಮೊದಲು ಕೇಳುವುದು ಇದನ್ನೇ: ಮೊದಲ ಸಲ ರಿಯಾಕ್ಷನ್ ಎಷ್ಟು ಹೊತ್ತಿಗೆ ಮುಗಿಯಿತು? ರಾತ್ರಿಯಿಡೀ ಬಿಟ್ಟಿದ್ದೀರಿ, ಸರಿ. ಆದರೆ ಎರಡು ಗಂಟೆಗೇ ಮುಗಿದಿದ್ದರೆ ಉಳಿದ ಹೊತ್ತೆಲ್ಲ ಸುಮ್ನೆ ಕುದಿಸಿದ ಹಾಗೆ. ಐದನೇ ಸಲ ಕ್ಯಾಟಲಿಸ್ಟ್‌ನ ಮುಕ್ಕಾಲು ಶಕ್ತಿ ಹೋಗಿದ್ದರೂ ಬೆಳಿಗ್ಗೆ ಹೊತ್ತಿಗೆ ರಿಯಾಕ್ಷನ್ ಮುಗಿದೇ ಇರುತ್ತದೆ. ನಿಮಗೆ 91 ಕಾಣುತ್ತದೆ. ಮಗುವಿಗೂ ಮುದುಕರಿಗೂ ಮುಳ್ಳಯ್ಯನಗಿರಿ ಹತ್ತಲು ಇಡೀ ದಿನ ಕೊಟ್ಟರೆ ಇಬ್ಬರೂ ಮೇಲಿರುತ್ತಾರೆ, ಅಲ್ವಾ? ಅದರಿಂದ ಯಾರ ಕಾಲು ಗಟ್ಟಿ ಅಂತ ಗೊತ್ತಾಗುವುದಿಲ್ಲ.

ಅದಕ್ಕೇ ಮರುಬಳಕೆಯ ಲೆಕ್ಕವನ್ನು ಅರ್ಧ ದಾರಿಯಲ್ಲಿ ತೆಗೆಯಬೇಕು. ಹೊಸ ಕ್ಯಾಟಲಿಸ್ಟ್ ಹಾಕಿ, ಕನ್ವರ್ಷನ್ (ಹಾಕಿದ್ದರಲ್ಲಿ ಬದಲಾದ ಪಾಲು) ಶೇ. 40-50 ಆಗುವ ಹೊತ್ತು ಯಾವುದು ಅಂತ ನೋಡಿಕೊಳ್ಳಿ. ಮುಂದಿನ ಪ್ರತಿ ಸಲವೂ ಅಷ್ಟೇ ಹೊತ್ತಿಗೆ ಸ್ಯಾಂಪಲ್ ತೆಗೆಯಿರಿ. ಜಿಸಿ (ಗ್ಯಾಸ್ ಕ್ರೊಮ್ಯಾಟೋಗ್ರಾಫ್) ಇಲ್ಲದಿದ್ದರೆ ಎನ್‌ಎಂಆರ್‌ನಲ್ಲಿ ಆಲ್ಡಿಹೈಡ್‌ನ 10 ಪಿಪಿಎಂ ಪೀಕ್ (ಇಲ್ಲಿ ಪಿಪಿಎಂ ಅಂದರೆ ಪೀಕ್ ಬರುವ ಜಾಗ, ಪ್ರಮಾಣ ಅಲ್ಲ) ಎಷ್ಟು ಉಳಿದಿದೆ ಅಂತ ನೋಡಬಹುದು. ಆ ಅಂಕಿ ಐದೂ ಸಲ ಹೆಚ್ಚುಕಡಿಮೆ ಒಂದೇ ಇದ್ದರೆ ಧೈರ್ಯವಾಗಿ ಬರೆಯಿರಿ.

ಎರಡನೆಯದು ಪ್ರಮಾಣ. 50 ಮಿಲಿಗ್ರಾಂನಲ್ಲಿ ಶೇ. 5 ಅಂದರೆ 2.5 ಮಿಲಿಗ್ರಾಂ ತಾಮ್ರ, ಸುಮಾರು 4 ಮೋಲ್ ಪರ್ಸೆಂಟ್, ಅಂದರೆ ನೂರು ಆಲ್ಡಿಹೈಡ್ ಅಣುವಿಗೆ ನಾಲ್ಕು ತಾಮ್ರದ ಪರಮಾಣು. ಒಂದು ಸಲಕ್ಕೆ ಒಂದು ತಾಮ್ರದ ಪರಮಾಣು 24 ಅಣುಗಳನ್ನು ಮಾಡಿಕೊಟ್ಟಿತು. ಐದು ಸಲ ಸೇರಿಸಿದರೂ 120 ದಾಟುವುದಿಲ್ಲ. ಕೆಟ್ಟದ್ದೇನಲ್ಲ, ಆದರೆ ಬೀಗುವ ಹಾಗೂ ಇಲ್ಲ. ಕ್ಯಾಟಲಿಸ್ಟ್ ಕಡಿಮೆ ಮಾಡಿ ನೋಡಿ, ಅದರ ನಿಜವಾದ ಬಂಡವಾಳ ಗೊತ್ತಾಗುತ್ತದೆ.

ನೈಟ್ ಶಿಫ್ಟ್ · ಹಾಸನ

ಮೇಡಂ ಹೇಳಿದ್ದು ಸರಿ. ನಾನು ಬಲ್ಕ್ ಡ್ರಗ್ ಪ್ಲಾಂಟ್‌ನಲ್ಲಿ ಹೈಡ್ರೋಜನೇಷನ್ ಸೆಕ್ಷನ್‌ನಲ್ಲಿದ್ದೇನೆ. ನಮ್ಮ ಕಡೆಯಿಂದ ಎರಡು ಮಾತು.

ಅಗ್ಗದ ಲೋಹ ಅಂತ ಎಲ್ಲರೂ ಹೇಳುತ್ತಾರೆ. ತಾಮ್ರ ಕೆಜಿ ಲೆಕ್ಕದಲ್ಲಿ ಸಿಗುತ್ತದೆ, ಪ್ಯಾಲೇಡಿಯಂ ಗ್ರಾಂ ಲೆಕ್ಕದಲ್ಲಿ. ನಿಜ. ಆದರೂ ಪ್ಲಾಂಟ್‌ಗಳು ಪ್ಯಾಲೇಡಿಯಂ ಕಾರ್ಬನ್ (ಇದ್ದಿಲಿನ ಮೇಲೆ ಕೂರಿಸಿದ ಪ್ಯಾಲೇಡಿಯಂ) ಬಿಡುವುದಿಲ್ಲ. ಯಾಕೆಂದರೆ ಬಳಸಿದ ಪ್ಯಾಲೇಡಿಯಂ ಕಸ ಅಲ್ಲ. ಒದ್ದೆ ಕೇಕನ್ನು ಡ್ರಮ್‌ಗೆ ತುಂಬಿ ರಿಫೈನರ್‌ಗೆ ಕಳಿಸುತ್ತಾರೆ. ಅವರು ಸುಟ್ಟು ಲೋಹ ತೆಗೆದು ಲೆಕ್ಕ ಕೊಡುತ್ತಾರೆ. ಅಂದರೆ ದುಬಾರಿ ಲೋಹವೇ ಹೆಚ್ಚು ಶಿಸ್ತಾಗಿ ಮರುಬಳಕೆ ಆಗುತ್ತದೆ. ಬಳಸಿದ ತಾಮ್ರದ ಕ್ಯಾಟಲಿಸ್ಟನ್ನು ಅಷ್ಟು ಆಸೆಯಿಂದ ಯಾರೂ ಕೇಳಿಕೊಂಡು ಬರುವುದಿಲ್ಲ. ಅದು ಅಪಾಯಕಾರಿ ತ್ಯಾಜ್ಯದ ಪಟ್ಟಿಗೆ ಹೋಗುತ್ತದೆ, ಸಾಗಿಸಲು ನಾವೇ ದುಡ್ಡು ಕೊಡಬೇಕು.

ಎರಡನೆಯದು ಅಯಸ್ಕಾಂತ. ಫ್ಲಾಸ್ಕ್‌ನಲ್ಲಿ ಚೆಂದ. 3,000 ಲೀಟರ್ ರಿಯಾಕ್ಟರ್‌ಗೆ ಹೊರಗಿನಿಂದ ಅಯಸ್ಕಾಂತ ಹಿಡಿದು ಪುಡಿ ಎಳೆಯಲು ಆಗುವುದಿಲ್ಲ. ನಮಗೆ ಬೇಕಾಗುವುದು ಫಿಲ್ಟರ್ ಬಟ್ಟೆಯಲ್ಲಿ ನಿಲ್ಲುವ ಕಣ. 10 ನ್ಯಾನೋಮೀಟರ್ ಪುಡಿ ಒಂದೋ ಬಟ್ಟೆಯನ್ನು ಕಟ್ಟಿ ಹಾಕುತ್ತದೆ, ಇಲ್ಲವೇ ತೂರಿ ಹೋಗುತ್ತದೆ. ರಾನೆ ನಿಕಲ್ (ನಿಕಲ್ ಪುಡಿಯ ಹಳೇ ಕ್ಯಾಟಲಿಸ್ಟ್) ಇವತ್ತಿಗೂ ಓಡುತ್ತಿದೆ ಅಂದರೆ ಅದಕ್ಕೆ ಇದೂ ಒಂದು ಕಾರಣ. ಅದು ಭಾರದ ಪುಡಿ, ಸ್ಟಿರರ್ ನಿಲ್ಲಿಸಿದರೆ ತಳಕ್ಕೆ ಕೂರುತ್ತದೆ, ಮೇಲಿನದನ್ನು ಎಳೆದುಕೊಂಡು ಮುಂದಿನ ಬ್ಯಾಚ್ ಹಾಕಬಹುದು. ಒಣಗಲು ಬಿಟ್ಟರೆ ಮಾತ್ರ ಗಾಳಿಗೇ ಹೊತ್ತಿಕೊಳ್ಳುತ್ತದೆ. ಸದಾ ನೀರಿನಡಿ ಇರಬೇಕು.

ಮಳೆಗಾಲ · ಮೂಡಿಗೆರೆ

ನಾನು ಕೆಮಿಸ್ಟ್ರಿಯವನಲ್ಲ, ತೋಟದವನು. ಓದುತ್ತಾ ಎರಡು ಡೌಟು ಬಂತು.

ಒಂದು, ಕುದುರೆಮುಖದ ಅದಿರು ಮ್ಯಾಗ್ನೆಟೈಟೇ ಅಲ್ವಾ? 2005ರ ಕೊನೆಗೆ ಗಣಿ ನಿಲ್ಲಿಸುವವರೆಗೂ ಅದನ್ನೇ ಪೈಪಿನಲ್ಲಿ ಮಂಗಳೂರಿಗೆ ಕಳಿಸುತ್ತಿದ್ದರು. ಬಾಬಾಬುಡನ್‌ಗಿರಿ ಕಲ್ಲಿಗೂ ಅಯಸ್ಕಾಂತ ಹಿಡಿಯುತ್ತದೆ. ಮನೆ ಬಾಗಿಲಲ್ಲೇ ಇರುವಾಗ ಕ್ಲೋರೈಡ್ ಕೊಂಡು ತಂದು ಮ್ಯಾಗ್ನೆಟೈಟ್ ಮಾಡುವುದು ಯಾಕೆ?

ಎರಡು, ಕಾಪರ್ ಸಲ್ಫೇಟ್ ಅಂದರೆ ನಮ್ಮ ಮೈಲುತುತ್ತು. ಬೋರ್ಡೋ (ಮೈಲುತುತ್ತು, ಸುಣ್ಣದ ಸಿಂಪರಣೆ) ಹೊಡೆಯುವ ಪ್ರತಿ ಮನೆಯ ಗೋಡೌನ್‌ನಲ್ಲೂ ಮೂಟೆ ಇರುತ್ತದೆ. ಬೇಕಿದ್ದರೆ ಒಂದು ಕೆಜಿ ಕಳಿಸುತ್ತೇನೆ.

ಲ್ಯಾಬ್ ಕೋಟು · ಚಿಕ್ಕಮಗಳೂರು

ಒಳ್ಳೆಯ ಪ್ರಶ್ನೆ. ಅದಿರಿನಲ್ಲಿರುವುದೂ ಮ್ಯಾಗ್ನೆಟೈಟೇ. ವ್ಯತ್ಯಾಸ ಇರುವುದು ಮೈಯಲ್ಲಿ. 10 ನ್ಯಾನೋಮೀಟರ್ ಕಣಗಳ ಒಂದು ಗ್ರಾಂ ಪುಡಿಗೆ ಲೆಕ್ಕದ ಪ್ರಕಾರ 115 ಚದರ ಮೀಟರ್ ಹೊರಮೈ ಇರುತ್ತದೆ. ಅದಿರನ್ನು ಅರೆದು 100 ಮೈಕ್ರಾನ್ ಮಾಡಿದರೆ ಅದೇ ಒಂದು ಗ್ರಾಂಗೆ 0.0115 ಚದರ ಮೀಟರ್. ಹತ್ತು ಸಾವಿರ ಪಟ್ಟು ಕಡಿಮೆ. ತಾಮ್ರ ಕೂರಲು ಜಾಗವೇ ಇಲ್ಲ. ಜೊತೆಗೆ ಕುದುರೆಮುಖದ್ದು ಕಡಿಮೆ ದರ್ಜೆಯ ಅದಿರು, ಹೆಚ್ಚಿನ ಪಾಲು ಬೆಣಚುಕಲ್ಲು. ಈಗಂತೂ ರಾಷ್ಟ್ರೀಯ ಉದ್ಯಾನ, ಒಂದು ಕಲ್ಲು ತರುವುದೂ ಬೇಡ ಬಿಡಿ.

ಮೈಲುತುತ್ತು ಬೋರ್ಡೋಗೆ ಸಾಕು. ಕ್ಯಾಟಲಿಸ್ಟ್‌ಗೆ ಬೇಡ. ಅದರಲ್ಲಿ ಕಬ್ಬಿಣ, ಸತು, ಇನ್ನೇನೇನು ಎಷ್ಟೆಷ್ಟಿದೆ ಗೊತ್ತಿಲ್ಲದೆ ಕೆಲಸ ಮಾಡಿದ್ದು ತಾಮ್ರವೇ ಅಂತ ಹೇಳಲು ಬರುವುದಿಲ್ಲ. ಬೇಕಿದ್ದರೆ ಬಿಸಿ ನೀರಿನಲ್ಲಿ ಕರಗಿಸಿ, ಸೋಸಿ, ಹರಳು ಕಟ್ಟಿಸಿ ಬಳಸಬಹುದು.

ಬೇಲೂರು ಬಸ್ · ಬೆಂಗಳೂರು, ಊರು ಬೇಲೂರು

ನಾನೂ ಈ ಫೀಲ್ಡ್‌ನಲ್ಲೇ ಪಿಎಚ್‌ಡಿ ಮಾಡುತ್ತಿದ್ದೇನೆ. ಸ್ವಲ್ಪ ಉಲ್ಟಾ ಮಾತಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ತಾಮ್ರ ಇಷ್ಟು ಅಗ್ಗ ಅಂದಮೇಲೆ ಅದನ್ನು ಉಳಿಸುವುದು ಯಾಕೆ? ಮಾಮೂಲಿ ಕ್ಯೂಪ್ರಸ್ ಬ್ರೋಮೈಡ್ ಒಂದೆರಡು ಮಿಲಿಗ್ರಾಂ ಹಾಕಿದರೆ ಇದೇ ರಿಯಾಕ್ಷನ್ ಆಗುತ್ತದೆ. ಅದರ ಬೆಲೆ ಪೈಸೆಗಳಲ್ಲಿ. ನೀವು ಮ್ಯಾಗ್ನೆಟೈಟ್ ಮಾಡಲು ಎಷ್ಟು ಅಮೋನಿಯಾ, ತೊಳೆಯಲು ಎಷ್ಟು ನೀರು, ಎಷ್ಟು ಎಥನಾಲ್, ಎಷ್ಟು ಬೋರೋಹೈಡ್ರೈಡ್ ಸುರಿದಿದ್ದೀರಿ ಅಂತ ಲೆಕ್ಕ ಹಾಕಿ. ಆಮೇಲೆ ಪ್ರಾಡಕ್ಟ್ ಶುದ್ಧ ಮಾಡಲು ಕಾಲಮ್ ಹಾಕಿರುತ್ತೀರಿ. ಕಾಲು ಗ್ರಾಂ ಪ್ರಾಡಕ್ಟ್‌ಗೆ ಅರ್ಧ ಲೀಟರ್ ಹೆಕ್ಸೇನ್-ಈಥೈಲ್ ಅಸಿಟೇಟ್. ರಿಯಾಕ್ಷನ್‌ನ ಆಟಂ ಎಕಾನಮಿ (ಹಾಕಿದ ವಸ್ತುಗಳ ತೂಕದಲ್ಲಿ ಪ್ರಾಡಕ್ಟ್‌ಗೆ ಹೋಗುವ ಪಾಲು) ಶೇ. 94 ಅಂತ ಹೆಮ್ಮೆಯಿಂದ ಬರೆದರೂ ಕ್ಯಾನಿಗೆ ಹೋಗುವ ಕಸ ಪ್ರಾಡಕ್ಟ್‌ನ ಸಾವಿರ ಪಟ್ಟಿಗೂ ಜಾಸ್ತಿ. ಕೆಮಿಸ್ಟ್ ರೋಜರ್ ಶೆಲ್ಡನ್ 1992ರಲ್ಲಿ ಇ-ಫ್ಯಾಕ್ಟರ್ ಅಂತ ಹೇಳಿದ್ದು ಇದನ್ನೇ: ಒಂದು ಕೆಜಿ ಮಾಲಿಗೆ ಎಷ್ಟು ಕೆಜಿ ಕಸ. ಬಲ್ಕ್ ಕೆಮಿಕಲ್‌ಗಳಲ್ಲಿ ಅದು 1ರಿಂದ 5, ಔಷಧಿಗಳಲ್ಲಿ 25ರಿಂದ 100, ಇನ್ನೂ ಮೇಲೆ. ಆ ಕಸದಲ್ಲಿ ದೊಡ್ಡ ಪಾಲು ಸಾಲ್ವೆಂಟ್‌ದೇ. ಕ್ಯಾಟಲಿಸ್ಟ್ ಅಲ್ಲ.

ಅಗ್ಗದ ಲೋಹ ಅಂದ ತಕ್ಷಣ ಪರಿಸರಕ್ಕೆ ಒಳ್ಳೆಯದು ಅಂತಲೂ ಅಲ್ಲ. 1854ರಲ್ಲಿ ಬೆಷಾಂಪ್ ಕಬ್ಬಿಣದ ಪುಡಿ, ಆಸಿಡ್ ಹಾಕಿ ನೈಟ್ರೋವನ್ನು ಅಮೈನ್ ಮಾಡಿದ. ಕಬ್ಬಿಣಕ್ಕಿಂತ ಅಗ್ಗ ಯಾವುದಿದೆ? ಆದರೆ ಅಲ್ಲಿ ಅದು ಕ್ಯಾಟಲಿಸ್ಟ್ ಅಲ್ಲ, ತಾನೇ ಖರ್ಚಾಗುತ್ತದೆ. ಕೊನೆಗೆ ರಾಶಿ ರಾಶಿ ತುಕ್ಕಿನ ಕೆಸರು.

ಬೀಕರ್ ಹುಡುಗಿ · ಹಾಸನ

ಹಾಗಾದರೆ ನನ್ನ ಪ್ರಾಜೆಕ್ಟ್ ಮಾಡಿ ಏನು ಪ್ರಯೋಜನ ಸರ್?

ಬೇಲೂರು ಬಸ್ · ಬೆಂಗಳೂರು, ಊರು ಬೇಲೂರು

ಪ್ರಯೋಜನ ಇದೆ, ಕಾರಣ ಬೇರೆ ಬರೆಯಬೇಕು ಅಷ್ಟೆ. ಪ್ಯಾಲೇಡಿಯಂ ಉಳಿಸುವುದು ದುಡ್ಡಿಗೆ. ತಾಮ್ರ ಉಳಿಸುವುದು ಅದು ಪ್ರಾಡಕ್ಟ್‌ಗೂ ನೀರಿಗೂ ಹೋಗಬಾರದು ಅಂತ. ಅಂದಮೇಲೆ ತಾಮ್ರ ಪುಡಿಯಲ್ಲೇ ನಿಂತಿದೆ ಅಂತ ತೋರಿಸುವುದೇ ನಿಮ್ಮ ಮುಖ್ಯ ಕೆಲಸ. ಯೀಲ್ಡ್ ಆಮೇಲೆ.

ನಿಮ್ಮ ಕೇಸಿನಲ್ಲಿ ನನಗೆ ಅನುಮಾನ ಇರುವುದು ಮಾರ್ಫೋಲಿನ್ ಮೇಲೆ. ಅಮೈನ್‌ಗೆ ತಾಮ್ರ ಅಂದರೆ ಪ್ರಾಣ. ಅದು ಪುಡಿಯಿಂದ ತಾಮ್ರವನ್ನು ಕಿತ್ತುಕೊಂಡು ದ್ರಾವಣಕ್ಕೆ ಎಳೆಯುತ್ತದೆ. ಬಗ್ಗಿಸಿದ ದ್ರಾವಣ ಯಾವ ಬಣ್ಣ ಇದೆ?

ಬೀಕರ್ ಹುಡುಗಿ · ಹಾಸನ

ಹಳದಿ. ಮೊದಲ ಎರಡು ಸಲ ಸ್ವಲ್ಪ ಹಸಿರು ಮಿಶ್ರ ಇತ್ತು. ಪ್ರಾಡಕ್ಟ್‌ನ ಬಣ್ಣ ಅಂದುಕೊಂಡೆ.

ನೈಟ್ ಶಿಫ್ಟ್ · ಹಾಸನ

ಹಸಿರು! ಸಿಕ್ಕಿಬಿತ್ತು ತಾಮ್ರ.

ಲ್ಯಾಬ್ ಕೋಟು · ಚಿಕ್ಕಮಗಳೂರು

ಬಣ್ಣ ನೋಡಿ ತೀರ್ಪು ಬೇಡ, ಹಾಟ್ ಫಿಲ್ಟ್ರೇಷನ್ ಮಾಡಿ. ಇದನ್ನು ತುಂಬಾ ಜನ ಅರ್ಧಂಬರ್ಧ ಮಾಡುತ್ತಾರೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ರಿಯಾಕ್ಷನ್ ಅರ್ಧ ಆದಾಗ ಫ್ಲಾಸ್ಕನ್ನು ತಣ್ಣಗೆ ಮಾಡದೆ, ಬಿಸಿ ಬಿಸಿಯಾಗಿಯೇ ಸೋಸಬೇಕು. ತಣ್ಣಗಾಗಲು ಬಿಟ್ಟರೆ ಕರಗಿದ್ದ ಲೋಹ ಮತ್ತೆ ಪುಡಿಯ ಮೇಲೆ ಕೂತುಬಿಡಬಹುದು. ಆಗ ಏನೂ ಸೋರಿಲ್ಲ ಅಂತ ಸುಳ್ಳು ಉತ್ತರ ಬರುತ್ತದೆ. ಬರೀ ಅಯಸ್ಕಾಂತ ಹಿಡಿದು ಬಗ್ಗಿಸಿದರೆ ಸಾಲದು. ಅತಿ ಸಣ್ಣ ಕಣಗಳು ದ್ರಾವಣದಲ್ಲೇ ಉಳಿಯುತ್ತವೆ. ಮೊದಲು ಅಯಸ್ಕಾಂತ, ಆಮೇಲೆ 0.2 ಮೈಕ್ರಾನ್‌ನ ಪಿಟಿಎಫ್‌ಇ ಸಿರಿಂಜ್ ಫಿಲ್ಟರ್. ಫಿಲ್ಟರನ್ನೂ ಸಿರಿಂಜನ್ನೂ ಓವನ್‌ನಲ್ಲಿ ಸ್ವಲ್ಪ ಬಿಸಿ ಮಾಡಿಕೊಳ್ಳಿ, ಸಿರಿಂಜ್ ಗಾಜಿನದಿರಲಿ. ಟೊಲ್ಯೂಯಿನ್ ಕುದಿಯುವ ಬಿಂದು 110.6 ಡಿಗ್ರಿ, ಹಾಗಾಗಿ ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ, ಹುಡ್ ಒಳಗೇ ಕೆಲಸ. ಸೋಸಿದ ತಿಳಿಯನ್ನು ಇನ್ನೊಂದು ಫ್ಲಾಸ್ಕ್‌ನಲ್ಲಿ ಅದೇ ತಾಪಕ್ಕೆ ಇಟ್ಟು, ಗಂಟೆಗೊಮ್ಮೆ ಸ್ಯಾಂಪಲ್ ತೆಗೆಯಿರಿ. ಕನ್ವರ್ಷನ್ ಅಲ್ಲೇ ನಿಂತರೆ ಒಳ್ಳೆಯದು. ಏರುತ್ತಾ ಹೋದರೆ ಕೆಲಸ ಮಾಡುತ್ತಿರುವುದು ಕರಗಿದ ತಾಮ್ರ, ನಿಮ್ಮ ಪುಡಿ ಬರೀ ಗೋಡೌನ್.

ನಿಂತರೂ ಪೂರ್ತಿ ನಿರಾಳ ಆಗಬೇಡಿ. ಕರಗಿದ ಲೋಹ ಸೋಸುವಾಗಲೇ ಸತ್ತುಹೋಗಬಹುದು. ಹಾಗಾಗಿ ಲೋಹವನ್ನೇ ಅಳೆಯಬೇಕು. ತಿಳಿಯಲ್ಲಿ ಎಷ್ಟು, ಪುಡಿಯಲ್ಲಿ ಮೊದಲು ಎಷ್ಟಿತ್ತು, ಐದನೇ ಸಲದ ನಂತರ ಎಷ್ಟು ಉಳಿಯಿತು. ಮೂರೂ ಹೊಂದಬೇಕು. ಶೇ. 5 ಅನ್ನುವುದು ನೀವು ಹಾಕಿದ ಲೆಕ್ಕ. ಕೂತದ್ದು ಎಷ್ಟು ಅಂತ ಅಳೆದಿಲ್ಲ, ಅಲ್ವಾ?

ಇನ್ನೊಂದು ಕಿರಿಕಿರಿ ಇದೆ. ಮ್ಯಾಗ್ನೆಟಿಕ್ ಸ್ಟಿರರ್ ಬಳಸುತ್ತಿದ್ದರೆ ನಿಮ್ಮ ಪುಡಿ ಹೋಗಿ ಸ್ಟಿರ್ ಬಾರ್‌ಗೇ ಮೀಸೆ ಬಂದ ಹಾಗೆ ಅಂಟಿಕೊಂಡಿರುತ್ತದೆ. ದ್ರಾವಣದಲ್ಲಿ ಹರಡಿಯೇ ಇರುವುದಿಲ್ಲ. ಓವರ್‌ಹೆಡ್ ಸ್ಟಿರರ್ ಸಿಕ್ಕರೆ ನೋಡಿ.

ಬೀಕರ್ ಹುಡುಗಿ · ಹಾಸನ

ಮೀಸೆ ಇದೆ ಮೇಡಂ, ದಪ್ಪ ಮೀಸೆ. ಓವರ್‌ಹೆಡ್ ಒಂದಿದೆ, ಸೀನಿಯರ್ ಹತ್ತಿರ ಕೇಳುತ್ತೇನೆ. ಆದರೆ ತಾಮ್ರ ಅಳೆಯುವುದು ಎಲ್ಲಿ? ಐಸಿಪಿಗೆ (ಲೋಹ ಅಳೆಯುವ ದೊಡ್ಡ ಯಂತ್ರ) ಹೊರಗೆ ಕಳಿಸಿದರೆ ಸ್ಯಾಂಪಲ್‌ಗೆ ಇಷ್ಟು ಅಂತ ಕೊಡಬೇಕು.

ಮಳೆಗಾಲ · ಮೂಡಿಗೆರೆ

ನಮ್ಮ ತೋಟದ ಮಣ್ಣಿನ ರಿಪೋರ್ಟ್‌ನಲ್ಲಿ ಸತು, ತಾಮ್ರ, ಕಬ್ಬಿಣ, ಮ್ಯಾಂಗನೀಸ್ ಅಂತ ನಾಲ್ಕು ಸಾಲು ಬರುತ್ತದೆ. ಅದನ್ನು ಅಳೆಯುವವರು ಇದನ್ನು ಅಳೆಯಲಾರರಾ?

ಲ್ಯಾಬ್ ಕೋಟು · ಚಿಕ್ಕಮಗಳೂರು

ಅಣ್ಣ, ಇಡೀ ಚರ್ಚೆಯಲ್ಲೇ ಕೆಲಸಕ್ಕೆ ಬರುವ ಮಾತು ಇದು! ಮಣ್ಣಿನ ಸೂಕ್ಷ್ಮ ಪೋಷಕಾಂಶ ನೋಡುವ ಲ್ಯಾಬ್‌ಗಳಲ್ಲಿ ಅಟಾಮಿಕ್ ಅಬ್ಸಾರ್ಪ್ಷನ್ ಯಂತ್ರ ಇರುತ್ತದೆ. ತಾಮ್ರಕ್ಕೆ 324.8 ನ್ಯಾನೋಮೀಟರ್ ಲ್ಯಾಂಪ್ ಹೇಗೂ ಹಾಕಿಯೇ ಇರುತ್ತಾರೆ. ನಿಮ್ಮ ಮಟ್ಟಕ್ಕೆ ಅದು ಧಾರಾಳ ಸಾಕು.

ಆದರೆ ಟೊಲ್ಯೂಯಿನ್ ದ್ರಾವಣವನ್ನು ಹಾಗೇ ಒಯ್ಯಬೇಡಿ, ಬೈಯುತ್ತಾರೆ. ಸಾಲ್ವೆಂಟ್ ಪೂರ್ತಿ ಆವಿ ಮಾಡಿ, ಉಳಿದದ್ದನ್ನು ಕ್ರೂಸಿಬಲ್‌ನಲ್ಲಿ ಸುಟ್ಟು ಬೂದಿ ಮಾಡಿ, ಆ ಬೂದಿಯನ್ನು ದುರ್ಬಲ ನೈಟ್ರಿಕ್ ಆಸಿಡ್‌ನಲ್ಲಿ ಕರಗಿಸಿ. ಸಾವಯವ ವಸ್ತು ಇರುವಾಗಲೇ, ಅದರಲ್ಲೂ ಎಥನಾಲ್ ಇರುವಾಗ, ಗಟ್ಟಿ ನೈಟ್ರಿಕ್ ಸುರಿಯಲೇಬಾರದು. ಸಿಡಿಯುತ್ತದೆ. ಹಾಗೆಯೇ ಕ್ಯಾಟಲಿಸ್ಟ್ ಇಲ್ಲದ ಖಾಲಿ ಸ್ಯಾಂಪಲ್ ಒಂದನ್ನು ಇದೇ ರೀತಿ ಸುಟ್ಟು ಜೊತೆಗೆ ಕೊಡಿ.

ನೈಟ್ ಶಿಫ್ಟ್ · ಹಾಸನ

ಸ್ಯಾಂಪಲ್ ಗಾಜಿನ ಬಾಟಲಿಯಲ್ಲಿ ಬೇಡ. ಆಸಿಡ್‌ನಲ್ಲಿ ತೊಳೆದ ಪ್ಲಾಸ್ಟಿಕ್ ಬಾಟಲಿ ತಗೊಳ್ಳಿ.

ಎಷ್ಟು ಬಂದರೆ ಒಳ್ಳೆಯದು ಅಂತ ಗೊತ್ತಾಗಲು ಒಂದು ಲೆಕ್ಕ ಕೊಡುತ್ತೇನೆ. ನಿಮ್ಮ 2.5 ಮಿಲಿಗ್ರಾಂ ತಾಮ್ರದಲ್ಲಿ ಶೇ. 1 ಸೋರಿದರೆ 25 ಮೈಕ್ರೋಗ್ರಾಂ. ಪ್ರಾಡಕ್ಟ್ ಪೂರ್ತಿ ಸಿಕ್ಕರೆ 277 ಮಿಲಿಗ್ರಾಂ. ಅಂದರೆ 90 ಪಿಪಿಎಂ (ಹತ್ತು ಲಕ್ಷಕ್ಕೆ 90 ಪಾಲು). ಔಷಧಿಗಳ ಲೋಹದ ಮಿತಿಗೆ ಐಸಿಎಚ್ ಅನ್ನುವ ಅಂತರರಾಷ್ಟ್ರೀಯ ಮಂಡಳಿಯ ಕ್ಯೂ3ಡಿ ಅಂತ ನಿಯಮ ಇದೆ. ಬಾಯಿಯಿಂದ ತಗೊಳ್ಳುವ ಔಷಧಿಯಲ್ಲಿ ತಾಮ್ರ ದಿನಕ್ಕೆ 3,000 ಮೈಕ್ರೋಗ್ರಾಂವರೆಗೆ ಇರಬಹುದು, ಪ್ಯಾಲೇಡಿಯಂ 100 ಮಾತ್ರ. ದಿನಕ್ಕೆ 10 ಗ್ರಾಂ ಡೋಸ್ ಅಂತ ಹಿಡಿದರೆ ತಾಮ್ರಕ್ಕೆ 300 ಪಿಪಿಎಂ, ಪ್ಯಾಲೇಡಿಯಂಗೆ 10. ಇಂಜೆಕ್ಷನ್ ಆದರೆ ತಾಮ್ರಕ್ಕೂ 30. ಹಾಗಾಗಿ ಶೇ. 1 ಸೋರಿಕೆ ಮಾತ್ರೆಗೆ ಪಾಸ್, ಇಂಜೆಕ್ಷನ್‌ಗೆ ಫೇಲ್. ಶೇ. 5 ಸೋರಿದರೆ 450 ಪಿಪಿಎಂ, ಎರಡಕ್ಕೂ ಫೇಲ್.

ತಾಮ್ರದ ನಿಜವಾದ ಅನುಕೂಲ ಇಲ್ಲಿದೆ. ಬೆಲೆಯಲ್ಲ, ಈ 30 ಪಟ್ಟು ಸಡಿಲ. ಕಬ್ಬಿಣಕ್ಕಂತೂ ಆ ಪಟ್ಟಿಯಲ್ಲಿ ಮಿತಿಯನ್ನೇ ಹಾಕಿಲ್ಲ. ಹೊರಗೆ ಬಿಡುವ ನೀರಿಗೆ ಮಾತ್ರ ನಮ್ಮ ದೇಶದ ಸಾಮಾನ್ಯ ಮಾನದಂಡದಲ್ಲಿ ತಾಮ್ರ ಲೀಟರ್‌ಗೆ 3 ಮಿಲಿಗ್ರಾಂ ಮೀರಬಾರದು.

ಮಳೆಗಾಲ · ಮೂಡಿಗೆರೆ

ಲೀಟರ್‌ಗೆ 3 ಮಿಲಿಗ್ರಾಂ? ನಾವು ಒಂದು ಪರ್ಸೆಂಟ್ ಬೋರ್ಡೋಗೆ ನೂರು ಲೀಟರ್‌ಗೆ ಒಂದು ಕೆಜಿ ಮೈಲುತುತ್ತು ಹಾಕುತ್ತೇವೆ ಮಾರಾಯ್ರೇ!

ಲ್ಯಾಬ್ ಕೋಟು · ಚಿಕ್ಕಮಗಳೂರು

ಅದರಲ್ಲಿ ಕಾಲು ಕೆಜಿ ತಾಮ್ರ. ಲೀಟರ್‌ಗೆ 2,500 ಮಿಲಿಗ್ರಾಂ ಆಯಿತು. ಸುಣ್ಣ ಹಾಕುವುದರಿಂದ ಅದು ಕರಗದೆ ಎಲೆಗೆ, ಅಡಿಕೆ ಗೊನೆಗೆ ಅಂಟಿಕೊಳ್ಳುತ್ತದೆ. ಮಳೆಗೆ ತೊಳೆದು ಮಣ್ಣಿಗೆ ಸೇರಿದ ತಾಮ್ರ ಅಲ್ಲೇ ನಿಲ್ಲುತ್ತದೆ. ನಿಮ್ಮ ರಿಪೋರ್ಟ್‌ನ ಆ ನಾಲ್ಕು ಸಾಲಿನಲ್ಲಿ ತಾಮ್ರದ ಅಂಕಿಯನ್ನು ಒಮ್ಮೆ ನೋಡಿ. ಅದಕ್ಕೆ ಬೇರೆ ಚರ್ಚೆಯೇ ಬೇಕು, ಇಲ್ಲಿ ಬೇಡ.

ಹೊಯ್ಸಳ 99 · ಹಳೇಬೀಡು

ಕಾಫಿ ಸಿಪ್ಪೆ ಸುಟ್ಟು ಇದ್ದಿಲು ಮಾಡಿ ಅದರ ಮೇಲೆ ತಾಮ್ರ ಕೂರಿಸಿದರೆ? ನಮ್ಮ ಜಿಲ್ಲೆಗಳಲ್ಲಿ ಸಿಪ್ಪೆಗೇನು ಬರವಿಲ್ಲ.

ಬೇಲೂರು ಬಸ್ · ಬೆಂಗಳೂರು, ಊರು ಬೇಲೂರು

ಆಗುತ್ತದೆ. ಕಾಫಿ ಸಿಪ್ಪೆಯಲ್ಲಿ ಪೊಟ್ಯಾಶಿಯಂ ಜಾಸ್ತಿ. ಆಸಿಡ್, ನೀರಿನಲ್ಲಿ ಚೆನ್ನಾಗಿ ತೊಳೆಯದಿದ್ದರೆ ಆ ಕ್ಷಾರವೇ ರಿಯಾಕ್ಷನ್‌ನಲ್ಲಿ ಕೈ ಆಡಿಸುತ್ತದೆ. ಇದ್ದಿಲು ಫಿಲ್ಟರ್‌ನಲ್ಲಿ ನಿಲ್ಲುವುದರಿಂದ ನೈಟ್ ಶಿಫ್ಟ್ ಅವರ ತಕರಾರೂ ಸ್ವಲ್ಪ ತಗ್ಗುತ್ತದೆ. ಆದರೆ ‘ಕಾಫಿ ಎಲೆಯ ಸಾರದಿಂದ ನ್ಯಾನೋ’ ತರಹದ ಪೇಪರ್‌ಗಳನ್ನು ನಾನು ನಂಬುವುದು ಕಡಿಮೆ. ಇವತ್ತಿನ ಎಲೆಯ ಸಾರ ಬೇರೆ, ಮಳೆಗಾಲದ ಎಲೆಯ ಸಾರ ಬೇರೆ. ಮುಂದಿನ ವರ್ಷ ಇನ್ನೊಬ್ಬರು ಮಾಡಿದರೆ ಅದೇ ಬರುತ್ತದಾ?

ಹುಡುಗಿಗೆ ಮುಖ್ಯವಾದ ಇನ್ನೊಂದು ಮಾತು. ತಾಮ್ರ ಹಾಕದ ಬರೀ ಮ್ಯಾಗ್ನೆಟೈಟ್‌ನಿಂದಲೂ ಇದೇ ಎ-ತ್ರೀ ಕಪ್ಲಿಂಗ್ ಆಗುತ್ತದೆ ಅಂತ 2010ರಲ್ಲೇ ಪ್ರಕಟವಾಗಿದೆ. ನಿಮ್ಮ ಬ್ಲ್ಯಾಂಕ್ (ತಾಮ್ರ ಬಿಟ್ಟು ಮಾಡುವ ಹೋಲಿಕೆ ಪರೀಕ್ಷೆ) ಎಲ್ಲಿ?

ಬೀಕರ್ ಹುಡುಗಿ · ಹಾಸನ

ಕ್ಯಾಟಲಿಸ್ಟೇ ಇಲ್ಲದ ಬ್ಲ್ಯಾಂಕ್ ಮಾಡಿದ್ದೆ, ಬರೀ ಟ್ರೇಸ್ ಬಂತು. ಬರೀ ಮ್ಯಾಗ್ನೆಟೈಟ್‌ದು ಮಾಡಿರಲಿಲ್ಲ. ಮಾಡಿ ಬಂದು ಬರೆಯುತ್ತೇನೆ.

ಬೀಕರ್ ಹುಡುಗಿ · ಹಾಸನ

ಬಂದೆ. ಓವರ್‌ಹೆಡ್ ಸ್ಟಿರರ್ ಹಾಕಿದ ಮೇಲೆ ಹೊಸ ಕ್ಯಾಟಲಿಸ್ಟ್‌ಗೆ ಎರಡು ಗಂಟೆಯಲ್ಲಿ ಕನ್ವರ್ಷನ್ 54. ಐದು ಸಲ ಬಳಸಿದ್ದಕ್ಕೆ ಅದೇ ಹೊತ್ತಿಗೆ 23. ಬೆಳಿಗ್ಗೆ ನೋಡಿದರೆ ಎರಡೂ 90ರ ಮೇಲೆ. ಬಿಸಿಯಲ್ಲಿ ಸೋಸಿದ ತಿಳಿ 54ರಿಂದ 70ಕ್ಕೆ ಏರಿತು, ಆಮೇಲೆ ನಿಂತಿತು. ತಾಮ್ರ ಹಾಕದ ಬರೀ ಮ್ಯಾಗ್ನೆಟೈಟ್‌ನಲ್ಲಿ ರಾತ್ರಿಯಿಡೀ ಬಿಟ್ಟರೆ 31. ಈ 31 ಕಬ್ಬಿಣದ್ದಾ?

ಬೇಲೂರು ಬಸ್ · ಬೆಂಗಳೂರು, ಊರು ಬೇಲೂರು

ಇರಬಹುದು. ಇಲ್ಲದೆಯೂ ಇರಬಹುದು. 2009ರಲ್ಲಿ ಕೆಮಿಸ್ಟ್‌ಗಳಾದ ಬುಕ್‌ವಾಲ್ಡ್, ಬೋಲ್ಮ್ ಇಬ್ಬರೂ ಸೇರಿ ಒಂದು ಸಣ್ಣ ಪೇಪರ್ ಬರೆದರು. ಫೆರಿಕ್ ಕ್ಲೋರೈಡ್ ಕ್ಯಾಟಲಿಸ್ಟ್ ಅಂತ ಹೆಸರಾಗಿದ್ದ ಕೆಲವು ಕಪ್ಲಿಂಗ್‌ಗಳಲ್ಲಿ ಕೆಲಸ ಮಾಡುತ್ತಿದ್ದದ್ದು ಆ ಕ್ಲೋರೈಡ್‌ನಲ್ಲಿ ಕಲಬೆರಕೆಯಾಗಿದ್ದ ಚೂರು ತಾಮ್ರ ಇರಬಹುದು ಅಂತ. ಬಾಟಲಿ ಬದಲಿಸಿದರೆ ಯೀಲ್ಡ್ ಬದಲಾಗುತ್ತಿತ್ತು. ಪ್ಯಾಲೇಡಿಯಂನಲ್ಲೂ ಇಂಥದ್ದೇ ಆಗಿದೆ. 2003ರಲ್ಲಿ ಲೋಹವೇ ಇಲ್ಲದೆ ಸುಜುಕಿ ಕಪ್ಲಿಂಗ್ (ಸಾಮಾನ್ಯವಾಗಿ ಪ್ಯಾಲೇಡಿಯಂ ಬೇಕಾಗುವ ಜೋಡಣೆ) ಆಯಿತು ಅಂತ ಲೆಡ್‌ಬೀಟರ್ ಗುಂಪು ಬರೆಯಿತು. 2005ರಲ್ಲಿ ಅದೇ ಗುಂಪು ಮತ್ತೆ ಪರೀಕ್ಷಿಸಿ, ಸೋಡಿಯಂ ಕಾರ್ಬೋನೇಟ್‌ನಲ್ಲಿ 50 ಪಿಪಿಬಿಯಷ್ಟು (ನೂರು ಕೋಟಿಗೆ 50 ಪಾಲು) ಪ್ಯಾಲೇಡಿಯಂ ಇತ್ತು, ಅದೇ ಕೆಲಸ ಮಾಡಿದೆ ಅಂತ ತಾನೇ ಪ್ರಕಟಿಸಿತು.

ಫೆರಿಕ್ ಕ್ಲೋರೈಡ್ ಯಾವ ಗ್ರೇಡ್ ಬಳಸಿದ್ದೀರಿ?

ಬೀಕರ್ ಹುಡುಗಿ · ಹಾಸನ

ಸ್ಟೋರ್‌ನಲ್ಲಿದ್ದದ್ದು, ಎಲ್‌ಆರ್ ಗ್ರೇಡ್ (ಮಾಮೂಲಿ ಲ್ಯಾಬ್ ದರ್ಜೆ). ಬಾಟಲಿ ಹಳೆಯದು, ಲೇಬಲ್ ಅರ್ಧ ಹೋಗಿದೆ.

ಲ್ಯಾಬ್ ಕೋಟು · ಚಿಕ್ಕಮಗಳೂರು

ಶುದ್ಧ ಗ್ರೇಡ್‌ನ ಫೆರಿಕ್ ಕ್ಲೋರೈಡ್ 25 ಗ್ರಾಂ ನಮ್ಮಲ್ಲಿದೆ, ಸೀಲ್ ಒಡೆದಿಲ್ಲ. ಫೆರಸ್‌ದೂ ಅದೇ ಗ್ರೇಡ್ ಹೊಂದಿಸಿಕೊಳ್ಳಿ. ಅದರಲ್ಲಿ ಒಂದು ಮ್ಯಾಗ್ನೆಟೈಟ್, ಹಳೇ ಬಾಟಲಿಯದ್ದೊಂದು, ಹೊಸ ಗಾಜಿನ ಪಾತ್ರೆ, ಹೊಸ ಸ್ಪ್ಯಾಚುಲಾ. ತಾಮ್ರ ಮುಟ್ಟಿದ ಯಾವುದೂ ಹತ್ತಿರ ಬರಬಾರದು. ಎರಡನ್ನೂ ಒಂದೇ ದಿನ ಪಕ್ಕಪಕ್ಕದಲ್ಲೇ ಓಡಿಸಿ. ಎರಡರ ಪುಡಿಯನ್ನೂ ಆಸಿಡ್‌ನಲ್ಲಿ ಕರಗಿಸಿ ತಾಮ್ರ ನೋಡಿಸಿ.

ನೈಟ್ ಶಿಫ್ಟ್ · ಹಾಸನ

ಶನಿವಾರ ಚಿಕ್ಕಮಗಳೂರಿಗೆ ಹೋಗುವುದಿದೆ. ಬಾಟಲಿ ಮೇಡಂ ಹತ್ತಿರ ಇಸ್ಕೊಂಡು ಬರುತ್ತೇನೆ, ಹಾಸನದಲ್ಲಿ ಎಲ್ಲಿ ಕೊಡಬೇಕು ಹೇಳಿ. ತೇವ ಎಳೆಯುತ್ತದೆ, ಡಬಲ್ ಕವರ್ ಹಾಕಿ ಕೊಡಿ ಮೇಡಂ.

ಬೀಕರ್ ಹುಡುಗಿ · ಹಾಸನ

ಹೊಸ ಬಸ್ ಸ್ಟ್ಯಾಂಡ್ ಹತ್ತಿರ ಬರುತ್ತೇನೆ ಅಣ್ಣ. ಮೂಡಿಗೆರೆ ಅಣ್ಣ, ಆ ಮಣ್ಣಿನ ಲ್ಯಾಬ್‌ನವರು ಹೊರಗಿನ ಸ್ಯಾಂಪಲ್ ತಗೊಳ್ಳುತ್ತಾರಾ ಅಂತ ಒಮ್ಮೆ ಕೇಳಿ ಹೇಳುತ್ತೀರಾ? ಒಟ್ಟು ಏಳು ಬಾಟಲಿ ಆಗುತ್ತದೆ, ಖಾಲಿ ಸ್ಯಾಂಪಲ್ ಸೇರಿ.

ಮಳೆಗಾಲ · ಮೂಡಿಗೆರೆ

ಸೋಮವಾರ ನನ್ನ ಮಣ್ಣನ್ನೂ ಕೊಡಲು ಹೋಗುತ್ತಿದ್ದೇನೆ, ಕೇಳುತ್ತೇನೆ. ತಾಮ್ರದ ಸಾಲು ನೋಡಬೇಕು ಅಂತ ಮೇಡಂ ತಲೆಗೆ ಹುಳ ಬಿಟ್ಟಿದ್ದಾರೆ.